ಗೋಡೆ ದಾಟಿದ ತಂತಿ

ರಿಸೀವರ್ ಎತ್ತಿ ಕಿವಿಗಿಟ್ಟ ಕೂಡಲೇ ಪ್ರಮಿಳಾ ಬೆಚ್ಚಿ ಅದನ್ನು ದೂರ ಹಿಡಿದಳು.

ಡಯಲ್ ಟೋನ್ ಇರಲಿಲ್ಲ. ದಪ್ಪ ಬಟ್ಟೆ ಹರಿದಂತೆ ಕರ್ರನೆ ಒಂದೇ ಸಮ ಸದ್ದು, ಅದರ ಹಿಂದೆ ಸಣ್ಣಗೆ ಸಿಳ್ಳೆ. ಕಂಪ್ಯೂಟರೊಂದು ಫೋನಿನ ಲೈನ್ ಹಿಡಿದು ಇಂಟರ್ನೆಟ್ಟಿನ ಮೇಲಿದ್ದಾಗ ಬರುವ ಸದ್ದು ಅದು.

ಆದರೆ ಈ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ. ಇದ್ದೊಂದನ್ನು ಮೂರು ವಾರದ ಹಿಂದೆ ಪಿಎಸ್‌ಐ ಪ್ರಮಿಳಾ ತಾನೇ ಜಪ್ತಿ ಮಾಡಿಸಿ, ಗೋಣಿಚೀಲ ಸುತ್ತಿಸಿ ಠಾಣೆಯ ಮೂಲೆಯಲ್ಲಿ ಇಡಿಸಿದ್ದಳು. ಅದರ ಒಡೆಯ ಅಕೀಬ, ಒಬ್ಬ ಹುಡುಗಿಯ ಲಗ್ನ ಮುರಿದ ಹೊಲಸು ಮೇಲ್ ಕಳಿಸಿದ ಆರೋಪದ ಮೇಲೆ, ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ.

“ಈ ಸಪ್ಪಳ ಯಾವಾಗಿಂದ ಐತ್ರಿ?”

ಅಕೀಬನ ತಾಯಿ ನಜ್ಮುನ್ನಿಸಾ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದರು. ಕೋರ್ಟಿಗೆ ಒಪ್ಪಿಸಲು ಫೋನನ್ನೂ ಒಯ್ಯಲು ಬಂದಿದ್ದಾರೆಂದು ತಿಳಿದ ಮೇಲೂ ಕುರ್ಚಿಯ ಮೇಲಿನ ಬಟ್ಟೆ ಸರಿಸಿ ‘ಕುಂದರ್ರಿ’ ಅಂದಿದ್ದರು.

“ಇವತ್ತ ಮುಂಜಾನಿಂದರೀ. ನಮ್ಮ ಅಕೀಬನ್ನ ಒಯ್ದ ಮ್ಯಾಲ ನಿಂತಿತ್ತು. ಇವತ್ತ ಮತ್ತ ಚಾಲೂ ಆಗೇತಿ.”

“ಅಂದ್ರ ಮೊದಲೂ ಬರ್ತಿತ್ತು?”

“ದಿನಾ ಬರ್ತಿತ್ತಲ್ರೀ. ಬಾಜೂಕಿನ ಅಂಗಡ್ಯಾಗ ಮಂದಿ ಜಾಸ್ತಿ ಆದಾಗ.” ಅಷ್ಟು ಹೇಳಿ ಅವರು ನಾಲಿಗೆ ಕಚ್ಚಿಕೊಂಡರು.

ಪ್ರಮಿಳಾ ಬಗ್ಗಿ ಫೋನಿನ ತಂತಿಯನ್ನು ಹಿಡಿದು ಹೊರಟಳು. ಗೋಡೆಯ ಮೇಲಿನ ಸಣ್ಣ ಬಿಳಿ ಡಬ್ಬಿಯಿಂದ ಅದು ಎರಡಾಗಿ ಒಡೆದಿತ್ತು. ಒಂದು ಫೋನಿಗೆ. ಇನ್ನೊಂದು, ತೆಳ್ಳನೆಯ ಕಪ್ಪು ತಂತಿ, ಕಿಟಕಿಯ ಚೌಕಟ್ಟಿನ ಸಂದಿನಿಂದ ಹೊರಬಿದ್ದು, ಹಿತ್ತಲಲ್ಲಿ ಒಣಹಾಕಿದ್ದ ಶ್ಯಾವಿಗೆಯ ಮೇಲಿಂದ ಹಾದು, ಕಾಂಪೌಂಡ್ ಗೋಡೆ ಹತ್ತಿ, ಆಚೆ ಮನೆಯ ಹಸಿರು ಕಿಟಕಿಯೊಳಗೆ ಹೋಗಿತ್ತು.

ಆ ಕಿಟಕಿಗೆ ಹಸಿರು ಬಣ್ಣ ಹಚ್ಚಿದ ದಿನ ಸ್ಟೂಲು ಹಿಡಿದು ನಿಂತವಳು ಪ್ರಮಿಳಾಳೇ. ಅದು ಅವಳ ತಮ್ಮ ಬೀರೇಶನ ಸೈಬರ್ ಕೆಫೆ.

ಮೇ ತಿಂಗಳ ಬಿಸಿಲು ನೆತ್ತಿಯ ಮೇಲೆ ಉರಿಯುತ್ತಿತ್ತು. ಅವಳು ತಂತಿ ಕೈಬಿಟ್ಟು, ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದ ನಜ್ಮುನ್ನಿಸಾ ಅವರತ್ತ ತಿರುಗಿದಳು.

“ಇದನ್ನ ನೀವು ಯಾಕ ಹೇಳ್ಲಿಲ್ರೀ?” ಕೇಳುವಾಗಲೇ ಉತ್ತರ ಅವಳಿಗೆ ಗೊತ್ತಿತ್ತು.

“ಹೇಳಿದ್ವೆಲ್ರೀ,” ಅಂದರು ನಜ್ಮುನ್ನಿಸಾ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿದ್ದು. “ಅಂವಾ ಹೇಳಿದ. ನಾನೂ ಸ್ಟೇಷನ್‌ಗೆ ಬಂದು ಹೇಳಿದ್ನಿ. ಆಮ್ಯಾಲ ನಿಮ್ಮ ತಮ್ಮಾರ ಅಂಗಡಿ ಅಂತ ತಿಳೀತು. ಮತ್ತ ಮತ್ತ ಹೇಳಾಕ ಧೈರ್ಯ ಆಗ್ಲಿಲ್ಲ.”

ಅಕೀಬ ಹೇಳಿದ್ದು ನಿಜ. ಇದೇ ಓಣಿಯಲ್ಲಿ, ಲಗ್ನಪತ್ರಿಕೆ ಛಾಪಿಸುವ ಅವನ ಸಣ್ಣ ಅಂಗಡಿಯ ಮುಂದೆ, ನಾಲ್ಕು ಮಂದಿ ನೋಡುತ್ತಿರುವಾಗಲೇ ಹೇಳಿದ್ದ. ‘ಮೇಡಂ, ನಮ್ಮ ಲೈನ್ ಬಾಜೂಕ ಹೋಗೇತ್ರಿ. ಅಲ್ಲಿ ಎರಡೂ ಲೈನ್ ಕೂಡಸ್ಯಾರ. ಮೇಲ್ ಕಳಿಸಿದಾಂವ ನಾನಲ್ಲ.’

‘ಎರಡು ಮನಿ ಫೋನು ಒಂದಾಗ್ತಾವೇನೋ? ನನಗ ಕಥಿ ಹೇಳ್ತಿ?’ ಎಂದು ಪ್ರಮಿಳಾ ಅವನ ಕೆನ್ನೆಗೆ ಹೊಡೆದಿದ್ದಳು.

ಆ ರಾತ್ರಿ ಊಟಕ್ಕೆ ಕುಳಿತಾಗ ಬೀರೇಶನನ್ನು ಒಂದು ಮಾತು ಕೇಳಿದ್ದಳು ಕೂಡ. ‘ಅವರ ಮನಿಯಿಂದ ವಾಯರ್ ತಗೊಂಡೀಯೇನು?’ ಅವನು ತಟ್ಟೆಯಿಂದ ಮುಖ ಎತ್ತದೆ ‘ಇಲ್ಲಕ್ಕ’ ಅಂದಿದ್ದ. ಅಲ್ಲಿಗೆ ಮುಗಿಯಿತು. ಗೋಡೆಯಾಚೆ ಒಮ್ಮೆ ಇಣುಕಿ ನೋಡಬೇಕೆಂದು ಅವಳಿಗೆ ಅನ್ನಿಸಿರಲಿಲ್ಲ. ಬೇರೆ ಯಾರ ಅಂಗಡಿಯಾಗಿದ್ದರೂ ಅದೇ ಹೊತ್ತಿಗೆ ಬೀಗ ಜಡಿಸುತ್ತಿದ್ದಳು.

ಫೋನನ್ನು ಅವಳು ಮುಟ್ಟಲಿಲ್ಲ. ಟೋಪಿ ಕೈಯಲ್ಲೇ ಹಿಡಿದು ಹೊರಬಿದ್ದಳು.

* * *

ಕೆಫೆಯ ಮುಂದೆ ಜಾತ್ರೆಯಂತೆ ಜನ. ಎಸ್ಸೆಸ್ಸೆಲ್ಸಿ ಫಲಿತಾಂಶ ಅವತ್ತು ಇಂಟರ್ನೆಟ್ಟಿನಲ್ಲಿ ಬಂದಿತ್ತು. ಹಾಲ್ ಟಿಕೆಟ್ ಹಿಡಿದ ಹುಡುಗಿಯರು, ಅವರ ಅಪ್ಪಂದಿರು, ಸೈಕಲ್ಲುಗಳು. ಯಾರೋ ಮರಾಠಿಯಲ್ಲಿ ‘ಪಾಸ್ ಝಾಲೋ’ ಎಂದು ಕಿರುಚಿದರು. ಪೊಲೀಸ್ ಸಮವಸ್ತ್ರ ಕಂಡು ಜನ ದಾರಿ ಬಿಟ್ಟರು.

ಬೀರೇಶನ ಕೌಂಟರಿನ ಕೆಳಗೆ, ಹಳೆಯ ಟವೆಲ್ ಹೊದಿಸಿದ್ದ ಒಂದು ಸಣ್ಣ ಪೆಟ್ಟಿಗೆ. ಪ್ರಮಿಳಾ ಟವೆಲ್ ಎಳೆದಳು. ಮುಂಭಾಗದಲ್ಲಿ ಹಸಿರು ದೀಪಗಳು ಮಿಣುಕುತ್ತಿದ್ದವು. ಹಿಂಭಾಗಕ್ಕೆ ಎರಡು ಮೋಡೆಮ್. ಒಂದರ ತಂತಿ ಬೀರೇಶನ ಸ್ವಂತ ಫೋನಿಗೆ ಹೋಗಿತ್ತು. ಇನ್ನೊಂದರದು ಹಸಿರು ಕಿಟಕಿಯತ್ತ.

“ಅಕ್ಕಾ...”

“ಒಳಗ ನಡಿ.”

ಹಿಂದಿನ ಕೋಣೆಯಲ್ಲಿ ರಿಪೇರಿಗೆಂದು ಬಿಚ್ಚಿಟ್ಟ ಒಂದು ಕಂಪ್ಯೂಟರ್ ಮತ್ತು ಅವನು ತನಗಾಗಿ ಇಟ್ಟುಕೊಂಡಿದ್ದ ಇನ್ನೊಂದು. ಪ್ರಮಿಳಾ ಬಾಗಿಲು ಮುಂದೆ ಮಾಡಿದಳು.

“ಇದು ಏನು ಮಾಡ್ತೈತಿ, ಆ ಪೆಟಿಗಿ? ಪೊಲೀಸರಿಗೆ ಹೇಳಿದಂಗ ಹೇಳಬ್ಯಾಡ. ಅವ್ವಗ ಹೇಳಿದಂಗ ಹೇಳು.”

“ರೌಟರ್ ಅಂತಾರಕ್ಕ. ಒಂದ ಲೈನಿದ್ರ ಆರು ಕಂಪ್ಯೂಟರ್ ತೆವಳ್ತಾವು. ಮಂದಿ ಎದ್ದು ಹೋಗ್ತಾರ. ಇದಕ್ಕ ಎರಡು ಲೈನ್ ಹಚ್ಚಿದ್ರ ಕೆಲಸಾ ಹಂಚತೈತಿ. ಒಂದು ಲೈನ್ ತುಂಬಿದ್ರ ತಾನ ಇನ್ನೊಂದಕ್ಕ ಡಯಲ್ ಮಾಡ್ತೈತಿ. ಒಂದು ಪುಟ ಈ ಲೈನಿನ್ಯಾಗ ಬಂದ್ರ ಮುಂದಿಂದು ಆ ಲೈನಿನ್ಯಾಗ. ಒಂದ ಟಾಕಿಗೆ ಎರಡು ನಳಾ ಬಿಟ್ಟಂಗ.”

“ಕುಂತಾಂವಗ ಗೊತ್ತಾಗತೈತಾ, ತನ್ನದು ಯಾವ ಲೈನಿನ್ಯಾಗ ಹೊಂಟೈತಿ ಅಂತ?”

“ಇಲ್ಲ. ನನಗೂ ಗೊತ್ತಾಗೂದಿಲ್ಲ.”

“ತೋರಸು.”

ಅವನು ಒಂದು ಪುಟ ತೆರೆದ. ಅದರಲ್ಲಿ ಏನೂ ಇರಲಿಲ್ಲ; ‘ನೀವು ಈ ನಂಬರಿನಿಂದ ಬಂದಿದ್ದೀರಿ’ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು, ಕೆಳಗೆ ಉದ್ದದ ನಂಬರು. ಬೀರೇಶ ಅದೇ ಪುಟವನ್ನು ಮತ್ತೆ ತರಿಸಿದ. ನಂಬರು ಬದಲಾಯಿತು. ಮತ್ತೊಮ್ಮೆ ತರಿಸಿದ. ಮೊದಲಿನದು ಬಂತು.

ಕೂತ ಕುರ್ಚಿ ಅದೇ, ಒತ್ತಿದ ಬೆರಳು ಅದೇ. ಹೊರಗಿನಿಂದ ನೋಡಿದವರಿಗೆ ಮಾತ್ರ ಎರಡು ಬೇರೆ ಮನೆ.

ಇಂಥದೊಂದು ನಂಬರು ಹಿಡಿದೇ ಅವಳು ಅಕೀಬನ ಮನೆ ಮುಟ್ಟಿದ್ದಳು. ಗುರುಪುತ್ರಪ್ಪ ಮಾಸ್ತರರ ಮಗಳು ಪೂನಮಳ ಲಗ್ನ ನೆಹರು ನಗರದ ಸುಜಯನೊಂದಿಗೆ ನಿಶ್ಚಯವಾಗಿತ್ತು. ‘ಈ ಹುಡುಗಿ ಗೋವಾದಾಗ ಒಬ್ಬನ ಕೂಡ ಸಂಸಾರ ಮಾಡಿ ಬಂದಾಳ’ ಎಂದು, ಅವಳ ಫೋಟೋ ಸಮೇತ, ಸುಜಯನಿಗೂ ಅವನ ಬಳಗಕ್ಕೂ ಮೇಲ್ ಬಂತು. ಲಗ್ನ ಮುರಿಯಿತು. ಮೇಲ್ ಬಂದ ಮಧ್ಯಾಹ್ನದಿಂದಲೇ ಪೂನಮ ಕಾಣೆಯಾಗಿದ್ದಳು. ಸುಜಯ ದೂರು ಕೊಟ್ಟ. ಮೇಲ್ ಹೊರಟ ನಂಬರಿಗೆ ಆ ಹೊತ್ತಿನಲ್ಲಿ ಜೋಡಿಸಿಕೊಂಡಿದ್ದ ಫೋನು ನಜ್ಮುನ್ನಿಸಾ ಅವರದೆಂದು ಇಂಟರ್ನೆಟ್ ಕಂಪನಿಯವರು ಬರೆದು ಕಳಿಸಿದರು. ಅಕೀಬನ ಕಂಪ್ಯೂಟರಿನಲ್ಲಿ ಅದೇ ಫೋಟೋ ಸಿಕ್ಕಿತು. ‘ಬಯೋಡಾಟಾಕ್ಕ ಸ್ಕ್ಯಾನ್ ಮಾಡಿಕೊಡು ಅಂತ ಆಕಿನ ಕೊಟ್ಟಿದ್ಲರಿ, ಫ್ಲಾಪಿ ಆಕಿ ಕೈಯಾಗ ಕೊಟ್ಟೇನಿ’ ಎಂದು ಅವನು ಹೇಳಿದ್ದನ್ನೂ ಯಾರೂ ಕೇಳಲಿಲ್ಲ.

“ಅಕೀಬನ್ನ ಹಿಡಕೊಂಡು ಹೋದ ದಿನಾನ ಆ ಕಡಿ ವಾಯರ್ ಕಿತ್ತೀ, ಹೌದಿಲ್ಲ?” ಅಂದಳು ಪ್ರಮಿಳಾ. “ಇವತ್ತ ಗಿರಾಕಿ ಹೆಚ್ಚಾದ್ರು, ಮತ್ತ ಹಚ್ಚಿದಿ.”

ಬೀರೇಶ ಕುರ್ಚಿಯಿಂದ ಎದ್ದ.

“ಒಬ್ಬಾಂವ ಜೈಲಿನ್ಯಾಗ ಕೊಳ್ಯಾಕತ್ತಾನ. ಅವನ ಮನಿ ಲೈನ್ ಮ್ಯಾಲ ನೀ ರಿಸಲ್ಟ್ ತೋರ್ಸಾಕತ್ತೀ.”

“ನಿನ್ನ ನೌಕರಿ ಹೋಗ್ತೈತಿ ಅಂತ ಹೆದರಿದ್ನೆಕ್ಕ! ಅವರು ಒಪ್ಪಿ ಕೊಟ್ರೂ ಒಬ್ಬರ ಫೋನು ಇನ್ನೊಬ್ಬರಿಗೆ ಎಳ್ಯಾಕ ಪರವಾನಗಿ ಇಲ್ಲ. ಪಿಎಸ್‌ಐ ತಮ್ಮ ಕಳ್ಳ ಲೈನ್ ಎಳದಾನ ಅಂದ್ರ ಪೇಪರಿನ್ಯಾಗ ಬರ್ತಿತ್ತು. ನಮ್ಮ ಮಂದ್ಯಾಗ ಕುರಿ ಬಿಟ್ಟು ಖುರ್ಚಿ ಮ್ಯಾಲ ಕುಂತಾಕಿ ನೀ ಒಬ್ಬಾಕಿನ...”

“ನನ್ನ ಹೆಸರು ತರಬ್ಯಾಡ.” ಅವಳ ದನಿ ಏರಿತು. ಹೊರಗಿನ ಗದ್ದಲ ಕ್ಷಣ ತಗ್ಗಿತು. ಪ್ರಮಿಳಾ ಹಲ್ಲು ಕಚ್ಚಿ ದನಿ ಇಳಿಸಿದಳು. “ಮೇಲ್ ಕಳಿಸಿದಾಂವ ನೀನೇನು?”

“ಅವ್ವನ ಆಣಿ, ಅಲ್ಲ.”

“ಮತ್ತ ಯಾರು? ಅವತ್ತು ಮಧ್ಯಾಹ್ನ ಇಲ್ಲಿ ಕುಂತಾವ್ರು ಯಾರು?”

ಅವನು ಕಿಟಕಿಯತ್ತ ನೋಡಿದ. ತಪ್ಪಿಸಿಕೊಳ್ಳುವ ದಾರಿ ಹುಡುಕುವವನಂತೆ ಅಲ್ಲ. ಇಷ್ಟು ದಿನ ಹೊತ್ತದ್ದನ್ನು ಎಲ್ಲಿ ಇಳಿಸಲಿ ಎಂದು ಜಾಗ ಹುಡುಕುವವನಂತೆ.

“ಆಕಿನ ಅಕ್ಕ. ಪೂನಮ.”

ಪ್ರಮಿಳಾಗೆ ಮೊದಲು ಅರ್ಥವಾಗಲಿಲ್ಲ.

“ಫ್ಲಾಪಿ ತಂದಿದ್ಲು. ಫೋಟೋ ಹೆಂಗ ಹಚ್ಚೂದು ಅಂತ ಕೇಳಿದ್ಲು. ಹಚ್ಚಿ ಕೊಟ್ಟಾಂವ ನಾನ. ಆಗ ಪರದಿ ಮ್ಯಾಲ ಬರದದ್ದು ಕಣ್ಣಿಗೆ ಬಿತ್ತು. ಇದೇನವಾ, ನಿನ್ನ ಮ್ಯಾಲ ನೀನ ಇಂಥಾ ಹೊಲಸು ಬರಕೊಂಡೀಯಲ್ಲ ಅಂದ್ನಿ.”

“ಏನಂದ್ಲು?”

“ಸುಜಯಗ ಇದು ಎರಡನೇ ಲಗ್ನ. ಮೊದಲನೇ ಹೆಂಡ್ತಿ ಒಲಿ ಹತ್ರ ಸುಟ್ಟು ಸತ್ಲು ಅಂತ ಹೇಳ್ಯಾರಲ್ಲ, ಅದು ಸುಳ್ಳಂತ. ಸಾಯೂಕಿಂತ ಮೊದಲ ಆಕಿ ತನ್ನ ತಂಗಿಗೆ ಖರೇ ಏನಂತ ಹೇಳ್ಯಾಳಂತ. ಆ ತಂಗಿ ಪೂನಮನ್ನ ಹುಡಿಕ್ಕೊಂಡು ಬಂದು ಕೈ ಮುಗದಿದ್ಲಂತ, ಈ ಮನಿಗೆ ಹೋಗಬ್ಯಾಡವಾ ಅಂತ.” ಬೀರೇಶ ದನಿ ತಗ್ಗಿಸಿದ. “ಪೂನಮ ಅಪ್ಪಗ ಹೇಳಿದ್ಲು, ಕೇಳ್ಲಿಲ್ಲ. ಕಾಕಾಗ ಹೇಳಿದ್ಲು, ಕೇಳ್ಲಿಲ್ಲ. ‘ಬೀರೇಶಣ್ಣ, ಅವನ ಮ್ಯಾಲಿನ ದೂರು ಯಾರೂ ನಂಬೂದಿಲ್ಲ. ನನ್ನ ಮ್ಯಾಲ ಒಂದು ಬರದು ನೋಡ್ತೇನಿ, ಎಲ್ಲಾರೂ ಒಂದ ದಿನದಾಗ ನಂಬ್ತಾರ’ ಅಂದ್ಲು. ಹಂಗ ಆತು.”

ಹೊರಗೆ ಯಾರೋ ಪೇಢೆ ಹಂಚುತ್ತಿದ್ದರು.

“ಪೊಲೀಸರ ಕಡೆ ಬರಬೇಕಿತ್ತಲ್ಲೋ,” ಅಂದಳು ಪ್ರಮಿಳಾ. “ಹೆಣ್ಣುಮಗಳು ಪಿಎಸ್‌ಐ ಇದ್ನಿ ನಾನು.”

ಬೀರೇಶ ಮೊದಲ ಸಲ ಅಕ್ಕನ ಮುಖ ನೇರವಾಗಿ ನೋಡಿದ. “ಬಂದಿದ್ಲಲ್ಲಕ್ಕ.”

ಆ ಒಂದು ಮಾತಿಗೆ ಪ್ರಮಿಳಾಗೆ ಎಲ್ಲ ನೆನಪಾಯಿತು. ಹಳದಿ ಚೂಡಿದಾರ. ವೇಲಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತ ನಿಂತಿದ್ದ ಹುಡುಗಿ. ಮಂತ್ರಿಯೊಬ್ಬರ ಬಂದೋಬಸ್ತಿನ ಗಡಿಬಿಡಿ ಇತ್ತು ಅವತ್ತು. ‘ಲಗ್ನದ ಮುಂದ ಎಲ್ಲಾ ಹುಡುಗ್ಯಾರ್ಗೂ ಹಿಂಗ ಹೆದರಿಕಿ ಆಗ್ತೈತಿ, ಹೋಗವಾ’ ಎಂದು ನಕ್ಕಿದ್ದಳು. ಅಷ್ಟಕ್ಕೆ ಬಿಡಲೂ ಇಲ್ಲ. ಒಳ್ಳೆಯದು ಮಾಡುತ್ತಿದ್ದೇನೆಂದು ಮಾಸ್ತರರಿಗೆ ಫೋನ್ ಮಾಡಿ, ‘ಬಂದು ಮಗಳನ್ನ ಕರಕೊಂಡು ಹೋಗ್ರಿ ಸರ್’ ಎಂದಿದ್ದಳು. ಮಾಸ್ತರರು ಬಂದಾಗ ಆ ಹುಡುಗಿ ತನ್ನನ್ನು ನೋಡಿದ ನೋಟವನ್ನು ಪ್ರಮಿಳಾ ಆಗ ನಾಚಿಕೆ ಅಂದುಕೊಂಡಿದ್ದಳು.

ಈಗ ನಾಚಿಕೆ ಯಾರದೆಂದು ತಿಳಿಯಿತು.

ದೂರು ಕೊಟ್ಟ ಸುಜಯನೋ, ದಿನ ಬಿಟ್ಟು ದಿನ ಠಾಣೆಗೆ ಬರುತ್ತಿದ್ದ. ಮೆಲುದನಿ, ಇಸ್ತ್ರಿ ಮಾಡಿದ ಅಂಗಿ. ‘ಮುರಿದ ಸಂಬಂಧ ಆದರೂ ಹುಡುಗಿ ಸುರಕ್ಷಿತ ಸಿಗಲಿ ಅಂತಾನೆ, ದೊಡ್ಡ ಮನಸ್ಸು’ ಎಂದು ಅವನನ್ನು ಮನೆಗೂ ಕರೆದು ಚಹಾ ಕೊಟ್ಟಿದ್ದಳು.

“ಮೇಲ್ ಕಳಿಸಿ ಆಕಿ ಎಲ್ಲಿಗೆ ಹೋದ್ಲು?”

“ಹಿಂದಿನ ಬಾಗಲದಿಂದ ಹ್ವಾದ್ಲು. ಎಲ್ಲಿಗೆ ಅಂತ...” ಬೀರೇಶನ ಕಣ್ಣು ಮತ್ತೆ ನೆಲಕ್ಕಿಳಿಯಿತು. “ನಂಗ ಗೊತ್ತಿಲ್ಲ.”

ಅವನು ಇನ್ನೇನೋ ಬಚ್ಚಿಡುತ್ತಿದ್ದ. ಆದರೆ ಅವನ ಬಾಯಿ ಬಿಡಿಸುತ್ತ ಕೂರುವುದಕ್ಕಿಂತ ಮೊದಲು ಪ್ರಮಿಳಾ ಮಾಡಬೇಕಾದ ಕೆಲಸ ಬೇರೆ ಇತ್ತು.

* * *

ನಜ್ಮುನ್ನಿಸಾ ಬಾಗಿಲಲ್ಲೇ ಇದ್ದರು.

“ತಪ್ಪು ನಮ್ದರೀ,” ಅಂದಳು ಪ್ರಮಿಳಾ. ತಲೆ ಎತ್ತಲಾಗಲಿಲ್ಲ. “ನಿಮ್ಮ ಮಗಂದು ಏನೂ ತಪ್ಪಿಲ್ಲ. ಕೋರ್ಟಿಗೆ ಇವತ್ತ ಬರದು ಕೊಡ್ತೇನಿ.”

ನಜ್ಮುನ್ನಿಸಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅತ್ತರೇ, ನಿಟ್ಟುಸಿರಿಟ್ಟರೇ ತಿಳಿಯಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದರು:

“ನನಗ ಯಾಕ ಹೇಳ್ತೀರಿ ಮೇಡಂ? ಅವನು ಮಾಡಿಲ್ಲ ಅಂತ ನನಗ ಮೊದಲ ಗೊತ್ತಿತ್ತು. ಈ ಓಣಿ ಮಂದಿಗೆ ಹೇಳ್ರಿ. ಅಂಗಡಿ ಮುಂದ ನಿಲ್ಲಿಸಿ ಹೊಡದ್ರಿ. ಅಲ್ಲೇ ನಿಂತು ಹೇಳ್ರಿ. ನಳದ ಹತ್ರ ನನ್ನ ಕೊಡಾ ಸರಸ್ತಾರ, ಗೊತ್ತೇನ್ರಿ ನಿಮಗ?”

ಪ್ರಮಿಳಾ ಓಣಿಯತ್ತ ತಿರುಗಿದಳು. ಫಲಿತಾಂಶಕ್ಕೆ ಬಂದ ಜನ ಎಲ್ಲ ಅಲ್ಲೇ ಇದ್ದರು. ಎದುರಿನ ಹಿಟ್ಟಿನ ಗಿರಣಿಯವನು ಮೈಯೆಲ್ಲ ಬಿಳಿ ಮಾಡಿಕೊಂಡು ನಿಂತು ನೋಡುತ್ತಿದ್ದ. ದನಿ ಎತ್ತಿ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು.

ಅವಳ ಬಾಯಿ ತೆರೆಯಲಿಲ್ಲ.

“ಅವನ್ನ ಕರಕೊಂಡ ಬಂದು ಹೇಳ್ತೇನ್ರಿ,” ಎಂದು ಪಿಸುಗುಟ್ಟಿ ಜೀಪು ಹತ್ತಿದಳು. ನಜ್ಮುನ್ನಿಸಾ ಜೀಪನ್ನೇ ನೋಡುತ್ತ ನಿಂತರು. ಬೆಳಗಾವಿ ರಸ್ತೆಯುದ್ದಕ್ಕೂ ಆ ನೋಟ ಪ್ರಮಿಳಾಳ ಬೆನ್ನ ಮೇಲೆ ಕೂತೇ ಇತ್ತು.

* * *

ಹಿಂಡಲಗಾ ಜೈಲಿನ ಭೇಟಿಯ ಕೋಣೆಯಲ್ಲಿ ಅಕೀಬ ಬೆಂಚಿನ ತುದಿಗೆ ಕುಳಿತಿದ್ದ. ಮೂರು ವಾರದಲ್ಲಿ ಗಡ್ಡ ಬೆಳೆದು, ಕೊರಳ ಎಲುಬು ಎದ್ದು ಕಾಣುತ್ತಿತ್ತು. ಅವಳನ್ನು ಕಂಡು ಎದ್ದು ನಿಂತ. ಆ ಮರ್ಯಾದೆ ಕೂಡ ಅವಳಿಗೆ ಚುಚ್ಚಿತು.

“ಕುಂದರಪಾ.”

ಅವನು ಕೂರಲಿಲ್ಲ.

“ಗೋಡಿ ಮ್ಯಾಲಿನ ವಾಯರ್ ನೋಡಿದ್ನಿ,” ಅಂದಳು. “ಪೆಟಿಗೀನೂ ನೋಡಿದ್ನಿ. ನೀ ಹೇಳಿದ್ದೆಲ್ಲಾ ಖರೇ ಇತ್ತು. ನಾ ಕೇಳ್ಲಿಲ್ಲ. ನಿನ್ನ ಮ್ಯಾಲ ಕೈ ಮಾಡಿದ್ನಿ. ಹಂಗ ಮಾಡಬಾರದಿತ್ತು.”

ಇಷ್ಟು ಹೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಹೇಳಿದ ಮೇಲೆ ಅವು ಬಹಳ ಸಣ್ಣವಾಗಿ ಕೇಳಿಸಿದವು.

ಅಕೀಬ ಹಾಗೇ ನಿಂತಿದ್ದ. “ನಮ್ಮ ಅಮ್ಮಾ ಹೆಂಗದಾರ್ರಿ?”

“ಅದಾರ. ದಾರಿ ನೋಡಾಕತ್ತಾರ.”

“ಹೂಂ.”

ಬೇರೆಯವರಾಗಿದ್ದರೆ ಕೂಗಾಡುತ್ತಿದ್ದರು. ಅವನು ಕೂಗಲಿಲ್ಲ. ಪ್ರಮಿಳಾ ಬೆಂಚಿನ ಇನ್ನೊಂದು ತುದಿಗೆ ಕುಳಿತಳು.

“ಮೊದಲನೇ ದಿನ ಅಷ್ಟು ಹೇಳಿದಿ. ಎರಡನೇ ದಿನದಿಂದ ಬಾಯಿ ಮುಚ್ಚಿದಿ. ಕೋರ್ಟಿನ್ಯಾಗೂ ಒಂದು ಶಬ್ದ ಆಡ್ಲಿಲ್ಲ. ಯಾಕ?”

“ಏನ ಹೇಳ್ಲಿ ಮೇಡಂ? ಮೊದಲನೇ ಖರೇಕ್ಕ ಒಂದು ಏಟು ಬಿತ್ತು. ಅದು ನಿಮ್ಮ ತಮ್ಮನ ಅಂಗಡಿಗೆ ಹೋಗೂ ಖರೇ ಇತ್ತು.” ಅವನು ಅವಳನ್ನೇ ನೋಡಿದ. “ನನ್ನ ಕಡೆ ಇನ್ನೊಂದು ಖರೇ ಇತ್ತು. ಅದನ್ನ ಹೇಳಿದ್ರ ನೀವು ನನ್ನ ಏನು ಮಾಡ್ತಿದ್ರಿ ಅಂತ ಹೆದರಿದ್ನಿ.”

“ಯಾವುದು?”

“ಹೊಡಿಯೂದಿದ್ರ ಮೊದಲ ಹೊಡದಬಿಡ್ರಿ. ಆಮ್ಯಾಲ ಹೇಳ್ತೇನಿ.”

ಅದು ಕೊಂಕಲ್ಲ. ಅವನ ಭುಜ ನಿಜವಾಗಿಯೂ ಮುದುಡಿತ್ತು. ಪ್ರಮಿಳಾ ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟು, ಹಾಗೇ ಹಿಡಿದುಕೊಂಡಳು.

“ಹೇಳಪಾ. ಕೈ ಎತ್ತೂದಿಲ್ಲ.”

“ಅವತ್ತ ಮಧ್ಯಾಹ್ನ ನಾ ಹಿತ್ತಲದಾಗ ಕೈ ತೊಳ್ಯಾಕತ್ತಿದ್ನಿ. ಕೆಫೆ ಹಿಂದಿನ ಬಾಗಲ ತಗೀತು. ಪೂನಮ ಬಂದ್ಲು. ಒಬ್ಬಾಕಿನ ಅಲ್ಲ. ಜೋಡಿ ಒಬ್ರು ದೊಡ್ಡಾವ್ರು ಇದ್ರು. ಇಳಕಲ್ ಸೀರಿ, ಕೈಯಾಗ ಬೀರೇಶನ ಊಟದ ಡಬ್ಬಿ. ಪೂನಮನ ತಲಿ ಮ್ಯಾಲ ತಮ್ಮ ಸೆರಗ ಹೊಚ್ಚಿ, ಗಟ್ಟಿಯಾಗಿ ಕೈ ಹಿಡಕೊಂಡು ಕರಕೊಂಡ ಹೋದ್ರು. ಹೋಗೂ ಮುಂದ ನನ್ನ ನೋಡಿದ್ರು. ಬಾಯಿ ಮ್ಯಾಲ ಬೆರಳ ಇಟ್ರು.”

ಊಟದ ಡಬ್ಬಿ. ಪ್ರಮಿಳಾಗೆ ಕೇಳಬೇಕಾಗಿರಲಿಲ್ಲ. ಆದರೂ ಕೇಳಿದಳು.

“ಯಾರು?”

“ನಿಮ್ಮ ತಾಯೀರೀ. ಪದ್ಮವ್ವಾರು.”

* * *

ಜೈಲಿನ ಕಚೇರಿಯಲ್ಲಿ ಫೋನು ಕೇಳಿ ಪಡೆದು, ಮನೆಯ ನಂಬರು ತಿರುಗಿಸಿದಳು. ಮೂರು ವಾರ ಒಂದೇ ಸೂರಿನಡಿ ಕೂತು, ಅದೇ ಕೈಯ ರೊಟ್ಟಿ ತಿಂದು, ಪೂನಮಳನ್ನು ಗೋವಾದವರೆಗೆ ಹುಡುಕಿಸಿದ್ದಳು. ತನ್ನ ಹೆತ್ತವ್ವ ಆ ಹುಡುಗಿಯನ್ನು ಪೊಲೀಸರಿಂದ ಬಚ್ಚಿಟ್ಟಿದ್ದಳು. ಪೊಲೀಸರೆಂದರೆ ತಾನೇ.

ಅಪ್ಪ ಕರೆಪ್ಪ ಎತ್ತಿಕೊಂಡ. ಅವನಿಗೆ ಕಿವಿ ಮಂದ. ಫೋನೆಂದರೆ ಕೂಗಬೇಕು ಅಂತಲೇ ಅವನ ಲೆಕ್ಕ.

“ನಿಮ್ಮವ್ವ ಇಲ್ಲ! ಮುಂಜಾನೆ ಜಾಂಬೋಟಿ ಬಸ್ ಹತ್ತಿ ಹ್ವಾದ್ಲು. ಸಂಗವ್ವನ ಮನಿಗೆ.”

“ಸಂಗವ್ವ ಯಾರಪ್ಪಾ?”

“ಅದ, ಗದ್ದಿ ಮನಿ ಸಂಗವ್ವ. ಹಿಂದಕ ನಮ್ಮ ಕುರಿ ರಾತ್ರಿ ಗೊಬ್ಬರಕ್ಕಂತ ಅವರ ಹೊಲದಾಗ ತರಬಿರ್ತಿದ್ವಲ್ಲ. ವಾರದಾಗ ಎರಡು ಸಲ ಹೋಗಾಕತ್ತಾಳ ನಿಮ್ಮವ್ವ. ನಿನಗ ಹೇಳಿಲ್ಲೇನು?”

“ಇಲ್ಲಪ್ಪಾ.”

“ಇವತ್ತ ಸುಜಯಪ್ಪ ಬಂದಿದ್ದ. ನಿನ್ನ ಕ್ಯಾಳಕೊಂತ. ಅವ್ವಾರೆಲ್ಲಿ ಅಂದ, ಸಂಗವ್ವನ ಮನಿಗೆ ಹೋಗ್ಯಾಳ ಅಂದ್ನಿ. ಈ ನಡುವ ಭಾಳ ಸಲ ಹೋಗಾಕತ್ತಾರೇನು ಅಂದ, ಹೂಂ ಅಂದ್ನಿ. ಮನಿ ಗುರುತು ಕೇಳಿದ. ‘ನಾನೂ ಆ ಕಡೀನ ಹೊಂಟೇನಿ ಅಜ್ಜಾ, ಗಾಡಿ ಮ್ಯಾಲ ಕರಕೊಂಡ ಬರ್ತೇನಿ’ ಅಂತ ಹ್ವಾದ. ಛಲೋ ಹುಡುಗ.”

“ಯಾವಾಗ ಹೋದ ಅಪ್ಪಾ? ಯಾವಾಗ?”

“ಆಗಳೇ ಹ್ವಾದ. ನಾ ಉಣ್ಣಾಕ ಕುಂತಿದ್ನಿ.”

ಗೋಡೆಯ ಗಡಿಯಾರದಲ್ಲಿ ಮೂರು ದಾಟಿತ್ತು. ಪೂನಮ ಅಡಗಿರುವ ಮನೆಯ ಗುರುತು ಊಟದ ಹೊತ್ತಿಗೇ ಸುಜಯನ ಕೈ ಸೇರಿತ್ತು. ಮೇಜಿನ ಮೇಲೆ ರಿಸೀವರ್ ಬಿದ್ದದ್ದೂ ತಿಳಿಯದೆ ಪ್ರಮಿಳಾ ಜೀಪಿನತ್ತ ಓಡುತ್ತಿದ್ದಳು. ಅವಳ ಹಿಂದೆ, ಕಚೇರಿಯಲ್ಲಿ, ಮುದುಕನ ದೊಡ್ಡ ದನಿ ಇನ್ನೂ ಕೇಳುತ್ತಲೇ ಇತ್ತು.

“ಪ್ರಮಿಳಾ? ಯವ್ವಾ? ಹಲೋ! ನಾ ಏನರ ತಪ್ಪು ಹೇಳಿದ್ನೇನು?”